ಮುದಿ ಬೆಕ್ಕು, ಕಿಡ್ನಿ ಕಾಯಿಲೆ, ದಿನಕ್ಕೊಂದು ಬಿಲ್ಲು: ಅಡ್ವಾನ್ಸ್ ಕಟ್ಟುವ ಮೊದಲು ಓದಿ

ಪ್ರಾಣಿಗಳ ಆಸ್ಪತ್ರೆಯ ಕೌಂಟರಿನಲ್ಲಿ “ಇವತ್ತಿಗೆ ಇಷ್ಟು ಕಟ್ಟಿ, ನಾಳೇದು ನಾಳೆ ನೋಡೋಣ” ಅಂದರೆ ಹುಷಾರಾಗಿ. ಕೇಳುವುದಕ್ಕೆ ಹಿತವಾಗಿಯೇ ಇರುತ್ತದೆ. ಯಾರೂ ದೊಡ್ಡ ಮೊತ್ತ ಹೇಳಲಿಲ್ಲ, ಕೆಟ್ಟ ಸುದ್ದಿಯನ್ನೂ ಹೇಳಲಿಲ್ಲ ಅಂತ ಸಮಾಧಾನ ಆಗುತ್ತದೆ. ನಮಗೂ ಹಾಗೇ ಆಯಿತು. ದಿನದಿನದ ಬಿಲ್ಲು ಕಟ್ಟುತ್ತಾ ಹೋದೆವು. ಬೆಕ್ಕು ಯಾವ ಸ್ಥಿತಿಯಲ್ಲಿದೆ, ಈ ದುಡ್ಡಿನಿಂದ ಅದಕ್ಕೆ ಏನು ಸಿಗುತ್ತದೆ ಅನ್ನುವುದನ್ನು ಮಾತ್ರ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ನಮ್ಮ ಬೆಳ್ಳಿಗೆ 14 ವರ್ಷ ದಾಟಿತ್ತು. ತೂಕ ಇಳಿದಿತ್ತು, ನೀರು ಜಾಸ್ತಿ ಕುಡಿಯುತ್ತಿದ್ದಳು. ಆಮೇಲೆ ಊಟ ಬಿಟ್ಟಳು, ವಾಂತಿ ಶುರುವಾಯಿತು. ಹಗಲೂ ರಾತ್ರಿ ತೆರೆದಿರುವ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ಕಸ, 7 ದಾಟಿತ್ತು. ಕಿಡ್ನಿ ಕೆಟ್ಟಿದೆ, ಅಡ್ಮಿಟ್ ಮಾಡಿ ಡ್ರಿಪ್ ಹಾಕಬೇಕು ಅಂದರು. ಹಾಕಿ ಅಂದೆವು.

ಶುರುವಿನಲ್ಲಿ ಹಾಕಿದ ಡ್ರಿಪ್ಪಿನ ಬಗ್ಗೆ ನನ್ನ ತಕರಾರು ಏನೂ ಇಲ್ಲ. ವಾಂತಿ ಮಾಡಿ, ತಿನ್ನದೆ ಮಲಗಿದ ಬೆಕ್ಕಿನ ಮೈಯಲ್ಲಿ ನೀರಿನಂಶ ಕಡಿಮೆಯಾಗಿರುತ್ತದೆ. ಅದರಿಂದಲೇ ಕ್ರಿಯಾಟಿನಿನ್ ಇನ್ನಷ್ಟು ಏರಿರಬಹುದು. ಡ್ರಿಪ್ ಹಾಕಿದಾಗ ಆ ಭಾಗ ಇಳಿಯುತ್ತದೆ. ಉಳಿದದ್ದು ಕಿಡ್ನಿಯ ನಿಜವಾದ ಸ್ಥಿತಿ. ಬೆಕ್ಕಿನ ಕಿಡ್ನಿ ಕಾಯಿಲೆಯ ಹಂತಗಳನ್ನು ಗೊತ್ತುಮಾಡಿರುವ ಐರಿಸ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಕೂಡ ಇದನ್ನೇ ಹೇಳುತ್ತದೆ: ನೀರಿನಂಶ ಸರಿಹೋಗಿ ಪ್ರಾಣಿ ಸ್ಥಿರವಾದ ಮೇಲೆ ಹಂತ ಲೆಕ್ಕ ಹಾಕಿ. ಬೆಕ್ಕಿನಲ್ಲಿ ಡೆಸಿಲೀಟರಿಗೆ 1.6ರಿಂದ 2.8 ಮಿಲಿಗ್ರಾಂ ಕ್ರಿಯಾಟಿನಿನ್ ಇದ್ದರೆ ಎರಡನೇ ಹಂತ. 5ರವರೆಗೆ ಮೂರನೆಯದು. 5 ದಾಟಿದರೆ ನಾಲ್ಕನೆಯದು, ಅದೇ ಕೊನೆ. ಎರಡನೇ ಹಂತದ ಬೆಕ್ಕು ವರ್ಷಗಟ್ಟಲೆ ಚೆನ್ನಾಗಿ ಬದುಕುವುದುಂಟು. ನಾಲ್ಕನೇ ಹಂತದಲ್ಲಿ ಸಾಮಾನ್ಯವಾಗಿ ಮಾತು ವಾರಗಳದ್ದು, ಹೆಚ್ಚೆಂದರೆ ಕೆಲವು ತಿಂಗಳದ್ದು.

ಬೆಳ್ಳಿಯ ಕ್ರಿಯಾಟಿನಿನ್ ಸ್ವಲ್ಪ ಇಳಿದು 6ರ ಮೇಲೇ ನಿಂತುಬಿಟ್ಟಿತು. ಮರುದಿನವೂ ಅಷ್ಟೇ. ಅಂದರೆ ಡ್ರಿಪ್ ಕೊಡಬೇಕಾದ ಉತ್ತರ ಕೊಟ್ಟಾಗಿತ್ತು. ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಮಾತಾಡಬೇಕಾದ ಹೊತ್ತು ಅದು. ಯಾರೂ ಕೂರಿಸಲಿಲ್ಲ. “ಇನ್ನೊಂದು ದಿನ ನೋಡೋಣ” ಅಂದರು. ಮಾರನೇ ದಿನ ಡ್ಯೂಟಿಗೆ ಬೇರೆ ಡಾಕ್ಟರು, ಅವರದೂ ಅದೇ ಮಾತು. ಹಿಂದಿನವರು ಏನು ಯೋಚಿಸಿದ್ದರು ಅಂತ ಇವರಿಗೆ ಗೊತ್ತಿರಲಿಲ್ಲ. ಇವರು ಏನು ಯೋಚಿಸುತ್ತಿದ್ದಾರೆ ಅಂತ ನಮಗೆ ಗೊತ್ತಿರಲಿಲ್ಲ.

ದಿನಾ ಬೆಳಿಗ್ಗೆ ಪೂರ್ತಿ ರಕ್ತ ಪರೀಕ್ಷೆ. ಲಿವರ್, ಥೈರಾಯ್ಡ್, ಎಲ್ಲಾ ಮತ್ತೆ ಮತ್ತೆ. ಥೈರಾಯ್ಡ್ ರಿಪೋರ್ಟು ಒಮ್ಮೆ ಸರಿಯಾಗಿ ಬಂದ ಮೇಲೆ ಒಂದೇ ವಾರದಲ್ಲಿ ಪದೇಪದೇ ಯಾಕೆ? ಕೇಳಿದೆ. “ಈ ಟೆಸ್ಟಿನಲ್ಲಿ ಏನು ಬಂದರೆ ಟ್ರೀಟ್‌ಮೆಂಟ್ ಬದಲಾಗುತ್ತೆ ಡಾಕ್ಟ್ರೇ?”

“ಅದು ಪ್ಯಾಕೇಜಲ್ಲೇ ಇರುತ್ತೆ ಮೇಡಂ.”

ಇಷ್ಟೆಲ್ಲ ರಕ್ತ ತೆಗೆದವರು ಬಿಪಿ ಒಮ್ಮೆಯೂ ನೋಡಿರಲಿಲ್ಲ. ಕಿಡ್ನಿ ಕೆಟ್ಟ ಬೆಕ್ಕುಗಳಲ್ಲಿ ಬಿಪಿ ಏರುವುದು ತೀರಾ ಸಾಮಾನ್ಯ. ಹಾಗೇ ಬಿಟ್ಟರೆ ಕಣ್ಣು ಇದ್ದಕ್ಕಿದ್ದಂತೆ ಹೋಗಬಹುದು. ಇಷ್ಟಾಗಿ ಅದನ್ನು ಇಳಿಸುವುದು ಆಮ್ಲೋಡಿಪಿನ್, ಮನುಷ್ಯರೂ ತಗೊಳ್ಳುವ ಮಾತ್ರೆ, ಬೆಕ್ಕಿನ ತೂಕಕ್ಕೆ ತಕ್ಕ ಸಣ್ಣ ಪ್ರಮಾಣದಲ್ಲಿ. ಖರ್ಚು ಜಾಸ್ತಿ ಮಾಡಿದರೆ ಚಿಕಿತ್ಸೆಯೂ ಜಾಸ್ತಿ ಸಿಗುತ್ತದೆ ಅನ್ನುವ ಲೆಕ್ಕ ಇಲ್ಲಿ ಹಿಡಿಯುವುದಿಲ್ಲ.

ಕೊನೆಗೆ ಇನ್ನೊಂದು ಆಯಿತು. ಅವಳ ಉಸಿರಾಟ ಜೋರಾಯಿತು. ಡ್ರಿಪ್ ಜಾಸ್ತಿಯಾಗಿ ಎದೆಯಲ್ಲಿ ನೀರು ತುಂಬಿಕೊಂಡಿತ್ತು. ಹಾಳಾದ ಕಿಡ್ನಿಗೆ ಅಷ್ಟು ನೀರನ್ನು ಹೊರಗೆ ಹಾಕಲು ಆಗುವುದಿಲ್ಲ, ಮುದಿ ಬೆಕ್ಕಿನ ಹೃದಯವೂ ಸೋತಿರಬಹುದು. ಈಗ ಎಕ್ಸ್‌ರೇ, ಆಕ್ಸಿಜನ್, ನೀರು ಇಳಿಸುವ ಇಂಜೆಕ್ಷನ್. ನೀರು ಹಾಕಿದ್ದಕ್ಕೆ ಒಂದು ಬಿಲ್ಲು, ತೆಗೆದದ್ದಕ್ಕೆ ಇನ್ನೊಂದು! ಮನೆಗೆ ಕರೆದುಕೊಂಡು ಹೋಗುತ್ತೇವೆ ಅಂದಾಗ ಕೌಂಟರಿನವರು ಒಂದು ಮಾತು ಅಂದರು: “ಇಷ್ಟು ವರ್ಷ ಸಾಕಿದೀರಾ, ಈಗ ದುಡ್ಡಿನ ಮುಖ ನೋಡ್ತೀರಾ?”

ಈ ಮಾತು ಯಾರ ಬಾಯಿಂದ ಬಂದರೂ ನಂಬಬೇಡಿ. ಪ್ರೀತಿಯನ್ನು ಬಿಲ್ಲಿನಿಂದ ಅಳೆಯುವವರು ವೈದ್ಯಕೀಯ ಮಾತಾಡುತ್ತಿಲ್ಲ. ಇಷ್ಟೇ ಖರ್ಚು ಮಾಡಬಲ್ಲೆ ಅಂತ ಹೇಳುವುದರಲ್ಲಿ ನಾಚಿಕೆಪಡುವಂಥದ್ದೇನಿದೆ? ಒಳ್ಳೆಯ ಡಾಕ್ಟರಿಗೆ ಆ ಸಂಖ್ಯೆ ಮೊದಲೇ ಗೊತ್ತಾದರೆ ಕೆಲಸ ಸುಲಭ. ಇರುವ ದುಡ್ಡಿನಲ್ಲಿ ಯಾವುದು ಮೊದಲು, ಯಾವುದು ಬಿಟ್ಟರೂ ನಡೆಯುತ್ತದೆ ಅಂತ ಅವರೇ ಹೇಳುತ್ತಾರೆ.

ಅಂಥ ಡಾಕ್ಟರು ನಮಗೆ ಆಮೇಲೆ ಸಿಕ್ಕಿದರು. ಚಿಕ್ಕ ಕ್ಲಿನಿಕ್, ವಯಸ್ಸಾದ ಹೆಂಗಸು. ಹಳೇ ರಿಪೋರ್ಟುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ಓದಿದರು. ಬಿಪಿ ನೋಡಿದರು, ಜಾಸ್ತಿ ಇತ್ತು. ಮೂತ್ರದ ಪರೀಕ್ಷೆ ಮಾಡಿಸಿದರು. ಸೋಂಕಿದ್ದರೆ ಅದಕ್ಕೆ ಔಷಧಿ ಇದೆ, ಅದರಿಂದ ಕಿಡ್ನಿಯೂ ಸ್ವಲ್ಪ ಚೇತರಿಸಿಕೊಳ್ಳಬಹುದು, ಅದಕ್ಕೇ ಈ ಟೆಸ್ಟು ಅಂದರು. ಸ್ಕ್ಯಾನ್ ಮಾಡಿಸಿದ್ದೂ ಅದೇ ತರ್ಕದಲ್ಲಿ, ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆಯಾ ನೋಡಲು. ಎರಡೂ ಇರಲಿಲ್ಲ. ಆಮೇಲೆ ಹೇಳಿದರು: “ನೋಡಮ್ಮಾ, ಇದು ವಾಸಿ ಆಗೋದಲ್ಲ. ವಾಕರಿಕೆ ನಿಲ್ಲಿಸ್ತೀನಿ, ಹಸಿವು ಬರೋ ಹಾಗೆ ಮಾಡ್ತೀನಿ. ಚರ್ಮದ ಕೆಳಗೆ ನೀರು ಕೊಡೋದನ್ನ ನಿಮಗೇ ಕಲಿಸ್ತೀನಿ. ಸಿಗೋದು ಕೆಲವು ವಾರ. ಬೇಕಾ ಬೇಡವಾ ನೀವೇ ಹೇಳಿ.” ಬೇಕು ಅಂದೆವು. ಆ ವಾರಗಳಿಗೆ ಆದ ಖರ್ಚು ಆಸ್ಪತ್ರೆಯ ಒಂದು ದಿನದ ಬಿಲ್ಲಿಗಿಂತ ಕಡಿಮೆ. ಬೆಳ್ಳಿ ಬಿಸಿಲಿಗೆ ಮಲಗಿದಳು, ತಿಂದಳು, ಎಂದಿನಂತೆ ನಮ್ಮನ್ನು ಬೈದಳು. ತಿನ್ನುವುದು ಪೂರ್ತಿ ನಿಂತ ಮೇಲೆ ಡಾಕ್ಟರೇ ಬಂದು ಕೊನೆಯ ಇಂಜೆಕ್ಷನ್ ಕೊಟ್ಟು ಅವಳನ್ನು ಕಳಿಸಿಕೊಟ್ಟರು.

ಹಾಗಾಗಿ ಅಡ್ಮಿಟ್ ಮಾಡುವ ಮೊದಲೇ ಬರವಣಿಗೆಯಲ್ಲಿ ಅಂದಾಜು ಕೇಳಿ. ಕಡಿಮೆ ಎಂದರೆ ಎಷ್ಟು, ತೊಂದರೆಗಳು ಬಂದರೆ ಎಷ್ಟು, ಎರಡೂ ಇರಬೇಕು. ಯಾವ ಮೊತ್ತ ದಾಟುವ ಮೊದಲು ನಿಮಗೆ ಫೋನ್ ಮಾಡಬೇಕು ಅನ್ನುವುದನ್ನು ಅದೇ ಕಾಗದದಲ್ಲಿ ಬರೆಸಿ. ಹೃದಯ ನಿಂತರೆ ಎದೆ ಒತ್ತಿ ಬದುಕಿಸಲು ನೋಡಬೇಕಾ ಬೇಡವಾ ಅಂತಲೂ ಮೊದಲೇ ಹೇಳಿಬಿಡಿ. ಹೇಳದಿದ್ದರೆ ಮಧ್ಯರಾತ್ರಿ ಬೇರೆಯವರು ತೀರ್ಮಾನ ಮಾಡುತ್ತಾರೆ. ಮತ್ತೆ, ಒಬ್ಬ ಡಾಕ್ಟರು ಕೇಸಿಗೆ ಹೊಣೆ ಅಂತ ಇರಬೇಕು. ಡ್ಯೂಟಿ ಬದಲಾದರೂ ಮಾತಾಡುವವರು ಅವರೇ ಆಗಿರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಎಲ್ಲಿ ನಿಲ್ಲಿಸುವುದು ಅನ್ನುವ ಗುರುತು. ಬರೀ ದುಡ್ಡಿನ ಮೊತ್ತ ಇಟ್ಟುಕೊಂಡರೆ ಸಾಲದು. “ಈಗಾಗಲೇ ಇಷ್ಟು ಹಾಕಿದ್ದೇವೆ, ಇನ್ನು ಸ್ವಲ್ಪ” ಅನ್ನುವ ಮಾತು ಆ ಗೆರೆಯನ್ನು ಬೇಗ ಅಳಿಸುತ್ತದೆ. ಜೊತೆಗೆ ವೈದ್ಯಕೀಯ ಗುರುತೊಂದು ಬೇಕು. “ಯಾವ ದಿನದೊಳಗೆ ಏನು ಕಾಣಬೇಕು? ಕಾಣದಿದ್ದರೆ ಮುಂದೇನು?” ಅಂತ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ. ಪ್ರಾಣಿಯ ದಿನಗಳು ಹೇಗಿವೆ ಅಂತ ಅಳೆಯಲು ಆಲಿಸ್ ವಿಲ್ಲಲೋಬೋಸ್ ಅನ್ನುವ ಪಶುವೈದ್ಯೆ ಮಾಡಿದ ಒಂದು ಪಟ್ಟಿಯೂ ಇದೆ. ನೋವು, ಹಸಿವು, ನೀರಿನಂಶ, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿಯಾ ಅನ್ನುವುದು, ಹೀಗೆ ಏಳಕ್ಕೆ ತಲಾ 10 ಅಂಕ. 35ಕ್ಕಿಂತ ಮೇಲಿದ್ದರೆ ಪರವಾಗಿಲ್ಲ ಅಂತ ಲೆಕ್ಕ. ಅಂಕ ಕೊಡುವುದು ಮೊದಲು ವಿಚಿತ್ರ ಅನಿಸಿತು. ಆದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುವಾಗ ಜಗಳ ಕಡಿಮೆ ಮಾಡಿದ್ದು ಅದೇ.

ಇಷ್ಟು ಓದಿ ಆಸ್ಪತ್ರೆ ಅಂದರೆ ದುಡ್ಡು ದಂಡ ಅಂದುಕೊಂಡು ಮನೆಯಲ್ಲೇ ಕೂರಬೇಡಿ. ಗಂಡು ಬೆಕ್ಕು ಮೂತ್ರಕ್ಕೆ ತಿಣುಕುತ್ತಿದೆ, ಹನಿಯೂ ಬರುತ್ತಿಲ್ಲ ಅಂದರೆ ಆ ಗಳಿಗೆಯಲ್ಲೇ ಓಡಿ. ಮೂತ್ರದ ದಾರಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಬೇಗ ಬಿಡಿಸಿದರೆ ಹೆಚ್ಚಿನವು ಬದುಕುತ್ತವೆ. ಲಿಲ್ಲಿ ಬೆಕ್ಕಿಗೆ ವಿಷ, ಅದರ ಹೂವನ್ನೋ ಎಲೆಯನ್ನೋ ಕಚ್ಚಿದ ಬೆಕ್ಕಿನ ಕಥೆಯೂ ಹಾಗೇ, ಆಗ ಡ್ರಿಪ್ಪಿಗೆ ಹಾಕಿದ ದುಡ್ಡು ಕಿಡ್ನಿಯನ್ನೇ ಉಳಿಸಬಹುದು. ಖರ್ಚು ಉಳಿಸಲು ಮನೆಯಲ್ಲಿರುವ ಪ್ಯಾರಸಿಟಮಾಲ್ ಅಂತೂ ಕೊಡಲೇಬೇಡಿ. ಒಂದು ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು. ಇನ್ಶೂರೆನ್ಸ್ ಮಾಡಿಸುವುದಿದ್ದರೆ ಆರೋಗ್ಯವಾಗಿರುವಾಗಲೇ ಮಾಡಿಸಿ. ಸಾಮಾನ್ಯವಾಗಿ ಮೊದಲೇ ಇದ್ದ ಕಾಯಿಲೆಗೆ ಅವರು ದುಡ್ಡು ಕೊಡುವುದಿಲ್ಲ.

ಕೊನೆಯದಾಗಿ ಬಿಲ್ಲಿನ ವಿಷಯ. ಒಟ್ಟು ಮೊತ್ತದ ರಸೀದಿ ಸಾಕಾಗುವುದಿಲ್ಲ, ದಿನವಾರು, ಐಟಂವಾರು ಬಿಲ್ಲು ಕೇಳಿ ಪಡೆಯಿರಿ. ನಮ್ಮದರಲ್ಲಿ ಡಿಸ್ಚಾರ್ಜ್ ಆದ ಮರುದಿನದ ಡ್ರಿಪ್ಪಿಗೂ ದುಡ್ಡು ಹಾಕಿದ್ದರು. ಬಾಯಲ್ಲಿ ಹೇಳಿದಾಗ ಅಕೌಂಟ್ಸಿನವರು ಇಲ್ಲ, ನಾಳೆ ಬನ್ನಿ ಅಂದರು. ತಾರೀಖು ಗುರುತು ಮಾಡಿ ಈಮೇಲ್ ಕಳಿಸಿದ ಮೇಲೆ ಒಂದೂ ಮಾತಾಡದೆ ವಾಪಸ್ ಕೊಟ್ಟರು. ರಿಪೋರ್ಟು, ಎಕ್ಸ್‌ರೇ ಎಲ್ಲದರ ಪ್ರತಿಯನ್ನೂ ಅದೇ ಈಮೇಲಿನಲ್ಲಿ ಕೇಳಿ, ಮುಂದಿನ ಡಾಕ್ಟರು ಮತ್ತೆ ಅದೇ ಟೆಸ್ಟ್ ಬರೆಯುವುದು ತಪ್ಪುತ್ತದೆ.