ಕಥೆಯ ಮೊದಲ ಕರಡು ಬರೆಯಲು ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್

ಸಾವಿನ ಮನೆಯ ಬಗ್ಗೆ ಬರೆಯಲು ಕೂತರೆ ಕೈಗೆ ಮೊದಲು ಸಿಗುವುದು ‘ದುಃಖ ಉಮ್ಮಳಿಸಿ ಬಂತು’ ಎಂಬಂಥ ಸಿದ್ಧ ಮಾತು. ಅದನ್ನೇ ಬಾಯಲ್ಲಿ ಹೇಳುವವರು ‘ಅಪ್ಪನ ಚಪ್ಪಲಿ ಇನ್ನೂ ಬಾಗಿಲ ಹತ್ರಾನೇ ಇತ್ತು’ ಅನ್ನುತ್ತಾರೆ. ಓದುಗರನ್ನು ತಟ್ಟುವುದು ಈ ಎರಡನೆಯದು. ಹಾಗಾಗಿ ಮೊದಲ ಕರಡನ್ನು ಟೈಪಿಸುವ ಬದಲು ಹೇಳಿ ಬರೆಸುವುದು ನಿಜಕ್ಕೂ ಫಲ ಕೊಡುತ್ತದೆ.

ಕಂಪ್ಯೂಟರಿನ ಕ್ರೋಮ್ ಬ್ರೌಸರಿನಲ್ಲಿ ಗೂಗಲ್‌ನ ಬರಹದ ತಾಣವಾದ ಡಾಕ್ಸ್ ತೆರೆದು, ಟೂಲ್ಸ್ ಮೆನುವಿನಲ್ಲಿ ಆಡಿದ ಮಾತನ್ನು ಅಕ್ಷರವಾಗಿಸುವ ವಾಯ್ಸ್ ಟೈಪಿಂಗ್ ಒತ್ತಿ, ಮೈಕ್ ಚಿತ್ರದ ಮೇಲಿರುವ ಪಟ್ಟಿಯಲ್ಲಿ ಕನ್ನಡ ಆರಿಸಿ, ಮೈಕ್ ಒತ್ತಿ. ಸೌಲಭ್ಯ ಉಚಿತ, ಇಂಟರ್ನೆಟ್ ಬೇಕು. ಒಬ್ಬ ಪರಿಚಿತರನ್ನು ಮನಸ್ಸಿನಲ್ಲಿಟ್ಟುಕೊಂಡು, ಅವರಿಗೇ ಹೇಳುವಂತೆ ಒಂದು ದೃಶ್ಯವನ್ನು 10 ನಿಮಿಷ ಹೇಳಿ.

ಕೊರತೆಗಳೂ ಇವೆ. ಕನ್ನಡದಲ್ಲಿ ಪೂರ್ಣವಿರಾಮ, ಅಲ್ಪವಿರಾಮಗಳನ್ನು ಹೇಳಿ ಹಾಕಿಸಲಾಗದು, ಪಠ್ಯ ಒಂದೇ ಉದ್ದಕ್ಕೆ ಹರಿಯುತ್ತದೆ. ಹೆಚ್ಚು ಹೊತ್ತು ಸುಮ್ಮನಾದರೆ ಮೈಕ್ ನಿಂತುಬಿಡುತ್ತದೆ. ಗಂಟಲು ಕಟ್ಟುವ ಜಾಗಗಳಲ್ಲೇ ಹೀಗಾಗುವುದು ಬೇಸರದ ಸಂಗತಿ, ಏಕೆಂದರೆ ಕಥೆ ಇರುವುದು ಅಲ್ಲೇ. ಧಾರವಾಡದ ‘ಹೊಂಟೀನಿ’, ಮಂಗಳೂರಿನ ‘ಉಂಟು’ ಸರಿಯಾಗಿ ಮೂಡಿವೆಯೇ ಎಂದು ನೋಡಿ. ತಪ್ಪಿದ್ದರೆ ಅಂದೇ ತಿದ್ದಿ, ನಾಳೆಗೆ ಆಡಿದ ಪದ ನೆನಪಿರುವುದಿಲ್ಲ.

ತಿದ್ದುವ ಮೊದಲು ಫೈಲ್ ಮೆನುವಿನಲ್ಲಿ ‘ಮೇಕ್ ಎ ಕಾಪಿ’ ಕೊಟ್ಟು ಮೂಲವನ್ನು ಹಾಗೇ ಉಳಿಸಿ. ನಂತರ ಪ್ರತಿಯಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ ‘ದುಃಖ’, ‘ನೋವು’, ‘ಕಣ್ಣೀರು’ ಹುಡುಕಿ. ತೆಗೆದರೂ ದೃಶ್ಯ ತಟ್ಟುವ ಕಡೆ ಆ ಪದ ಅಳಿಸಿ. ತಟ್ಟದಿದ್ದರೆ ಕೊರತೆ ದೃಶ್ಯದ್ದು: ಆ ಭಾಗವನ್ನು ಮತ್ತೆ ಮೈಕಿಗೆ ಹೇಳಿ.