ಮೊಣಕಾಲಿನ ‘ಕರಗುವ ಸ್ಕ್ರೂ’: ಐದೂವರೆ ವರ್ಷ ಆದ್ಮೇಲೆ

ಕಾಸರಗೋಡಿನ ಬದಿಯಡ್ಕದ ಹತ್ರ ಕಬಡ್ಡಿ ಆಡುವಾಗ ಎಸಿಎಲ್ (ಮೊಣಕಾಲಿನೊಳಗೆ ಮೇಲಿನ, ಕೆಳಗಿನ ಎಲುಬನ್ನು ಹಿಡಿದಿಡುವ ಲಿಗಮೆಂಟು) ಹರಿದದ್ದು, 2019 ನವೆಂಬರಲ್ಲಿ ಮಂಗಳೂರಲ್ಲಿ ಆಪರೇಷನ್. ಹೊಸ ಲಿಗಮೆಂಟನ್ನು ಹಿಡಿದಿಡ್ಲಿಕ್ಕೆ ತೊಡೆ ಎಲುಬಿನ ಕಡೆ ಟೈಟಾನಿಯಂ ಬಟನ್, ಕೆಳಗಿನ ಎಲುಬಲ್ಲಿ ಪಿಎಲ್‌ಎಲ್‌ಎ ಸ್ಕ್ರೂ, ಅದು ಜೋಳ, ಕಬ್ಬಿನ ಸಕ್ಕರೆ ಅಂಥದ್ದನ್ನೆಲ್ಲ ಹುಳಿ ಬರಿಸಿ ತೆಗೆಯುವ ಲ್ಯಾಕ್ಟಿಕ್ ಆಸಿಡ್‌ನಿಂದ ಮಾಡುವ ಪ್ಲಾಸ್ಟಿಕ್ಕು. ಮೆಟಲ್‌ಗಿಂತ ರೇಟ್ ಜಾಸ್ತಿಯೇ. ಅಮ್ಮ ಕೇಳಿದ್ದು ಒಂದೇ, “ಜೋಳದ್ದಾದ್ರೆ ಒಳಗೆ ಕೊಳೆತು ನಾರುದಿಲ್ವಾ ಮಗಾ?”

ಇಲ್ಲ ಮಾರಾಯ್ರೆ. ತೋಟದಲ್ಲಿ ಬಿದ್ದ ಅಡಿಕೆ ಸೋಗೆಯನ್ನು ಹುಳ ಬೂಸ್ಟು ತಿಂದ ಹಾಗೆ ಅಲ್ಲ ಇದು, ಇಲ್ಲಿ ಕೆಲಸ ಮಾಡುದು ನೀರು, ಮೈಯೊಳಗಿನ ನೀರು ಮೆಲ್ಲ ಸ್ಕ್ರೂ ಒಳಗೆ ಇಳಿದು ಅಣುಗಳ ಉದ್ದುದ್ದ ಸರಪಳಿಗಳನ್ನು ತುಂಡು ಮಾಡ್ತಾ ಹೋಗ್ತದೆ, ಹಾಗಾಗಿ ಮೊದಲು ಹೋಗುದು ಶಕ್ತಿ, ಆಕಾರ ಹಾಗೇ ಉಂಟು, ತೂಕ ಇಳಿಯುದು ಎಷ್ಟೋ ಆಮೇಲೆ. ಉಳಿದ ಚೂರುಗಳನ್ನು ನಮ್ಮದೇ ಜೀವಕೋಶಗಳು ನುಂಗ್ತವೆ. ಲ್ಯಾಕ್ಟಿಕ್ ಆಸಿಡ್ ಓಡಿದಾಗ ಸ್ನಾಯುವಿನಲ್ಲಿ ಆಗುವಂಥದ್ದೇ, ಕೊನೆಗೆ ನೀರು ಮತ್ತು ಕಾರ್ಬನ್ ಡೈಆಕ್ಸೈಡ್.

2020 ಮಾರ್ಚಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕದ ತಲಪಾಡಿ ಗಡಿ ಬಂದ್, ಫಿಸಿಯೋ ಎಲ್ಲ ಮನೆ ಜಗಲಿಯಲ್ಲಿ ವೀಡಿಯೋ ಕಾಲ್‌ನಲ್ಲೇ. ಆದ್ರೂ ಸ್ಕ್ರೂ ಕೈ ಕೊಡ್ಲಿಲ್ಲ, ಹೊಸ ಲಿಗಮೆಂಟು ಎಲುಬಿಗೆ ಕಚ್ಚಿಕೊಳ್ಳುವ ಮೊದಲ ಎರಡು ಮೂರು ತಿಂಗಳು ಅದು ಗಟ್ಟಿ ನಿಂತ್ರೆ ಆಯ್ತು.

ನನ್ನ ತಕರಾರು ‘ಕರಗ್ತದೆ’ ಹೇಳುವ ಶಬ್ದದ ಮೇಲೆ. ಆರು ತಿಂಗಳಲ್ಲಿ ಸಕ್ಕರೆ ಥರ ಮಾಯ ಆಗ್ತದೆ ಅಂತ ನಾನು ತಿಳ್ಕೊಂಡದ್ದು, ಈ ಜಾತಿಯದ್ದಕ್ಕೆ ಎರಡರಿಂದ ಐದು ವರ್ಷ ಬೇಕು ಅಂತ ಆಪರೇಷನ್ ಮೊದಲು ಯಾರೂ ಹೇಳ್ಲಿಲ್ಲ. 2022ರಲ್ಲಿ ಹೊಲಿಗೆ ಹಾಕಿದಲ್ಲಿ ಹುಣಸೆ ಬೀಜದಷ್ಟು ಗೆಡ್ಡೆ. ಇನ್ಫೆಕ್ಷನ್ ಹೇಳಿ ಹೆದರಿದ್ದೆ, ನೋಡಿದ್ರೆ ಚೂರುಗಳೂ ಆಸಿಡ್ಡೂ ಒಂದೇ ಕಡೆ ಸೇರಿ ಆದ ಬಾವು, ಕೀವಲ್ಲ. ಸೂಜಿಯಲ್ಲಿ ನೀರು ತೆಗೆದ್ರು, ಮತ್ತೆ ಬರ್ಲಿಲ್ಲ. ಕಳೆದ ವರ್ಷದ ಎಂಆರ್‌ಐಯಲ್ಲಿ ಸ್ಕ್ರೂ ಇಲ್ಲ, ಆದ್ರೆ ಇದ್ದ ತೂತು ಪೂರ್ತಿ ಎಲುಬಾಗಿಲ್ಲ, ಅರ್ಧ ಬರೀ ನಾರು. ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿದ ಸ್ಕ್ರೂ ಉಂಟು, ಅದು ಆಸಿಡ್ಡನ್ನು ಸ್ವಲ್ಪ ತಣಿಸ್ತದೆ, ಎಲುಬು ಬೆಳೀಲಿಕ್ಕೂ ಒಳ್ಳೇದು, ಇನ್ನೊಮ್ಮೆ ಆದ್ರೆ ಅದನ್ನೇ ಕೇಳ್ತೇನೆ.

ಗಿಡದ್ದೆಲ್ಲ ಕರಗ್ತದೆ ಅಂತಲ್ಲ ಮತ್ತೆ, ಭಾವ ಹಾಗೇ ವಾದ ಮಾಡಿದ. ಹತ್ತಿ ನೂಲು ಒಳಗೆ ಉಳಿದ್ರೆ ವರ್ಷಗಟ್ಟಲೆ ಅಲ್ಲೇ, ಹತ್ತಿಯಲ್ಲಿರುವ ಸೆಲ್ಯುಲೋಸ್ ಒಡೆಯುವ ಎಂಜೈಮ್ ನಮ್ಮ ಮೈಯಲ್ಲೇ ಇಲ್ಲ.

ಐದರಲ್ಲಿ ಮೂರೂವರೆ ಸ್ಟಾರ್. ಡಿಸ್ಚಾರ್ಜ್ ಫೈಲಲ್ಲಿ ಇಂಪ್ಲಾಂಟಿನ ಸ್ಟಿಕ್ಕರ್ ಇರ್ತದೆ, ಬಿಸಾಡ್ಬೇಡಿ. ಎಕ್ಸ್‌ರೇಯಲ್ಲಿ ಬಟನ್ ಮಾತ್ರ ಕಾಣುದು, ಸ್ಕ್ರೂ ಕಾಣುದಿಲ್ಲ, ಗೆಡ್ಡೆ ನೋಡಿದ ಡಾಕ್ಟರ್ ಮೊದಲು ಕೇಳಿದ್ದು ಆ ಸ್ಟಿಕ್ಕರನ್ನೇ.