ನುಂಗಲು ಕಷ್ಟವಿರುವವರ ಅಡುಗೆಮನೆಗೆ ಯಾವುದು ಮೇಲು: ಮಿಕ್ಸಿಯೋ, ಹ್ಯಾಂಡ್ ಬ್ಲೆಂಡರೋ, ಹೂರಣದ ಯಂತ್ರವೋ?

ಅನ್ನನಾಳದ ಸೆಳೆತ ಇರುವವರು ಊಟವನ್ನು ಮೆತ್ತಗೆ ಮಾಡಿಕೊಳ್ಳಲು ನಾನು ಬಳಸಿ ನೋಡಿದ ಮೂರು ಸಾಧನಗಳಲ್ಲಿ, ಹೋಳಿಗೆಯ ಹೂರಣ ತೆಗೆಯುವ, ಕೈಯಿಂದ ತಿರುಗಿಸುವ ಸ್ಟೀಲಿನ ಯಂತ್ರವೇ ನನಗೆ ಒಗ್ಗಿದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಮಿಕ್ಸಿ ಮನೆಯಲ್ಲಿ ಇದ್ದೇ ಇತ್ತು. ಅದರಿಂದ ಕೆಲಸ ಸಾಗದಾದಾಗ ಹ್ಯಾಂಡ್ ಬ್ಲೆಂಡರ್ ತರಿಸಿದೆ. ಕೊನೆಗೆ ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ, ಬ್ಲೆಂಡರಿಗೆ ಕೊಟ್ಟ ಹಣದ ಅರ್ಧದಷ್ಟೂ ಇಲ್ಲದ ಬೆಲೆಗೆ ಈ ಯಂತ್ರ ಸಿಕ್ಕಿತು. ವಾಟು, ವಾರಂಟಿ, ಜಾರುಗಳ ಸಂಖ್ಯೆ ಎಲ್ಲವೂ ಡಬ್ಬಿಯ ಮೇಲೆ ಅಚ್ಚಾಗಿರುತ್ತವೆಯಾದ್ದರಿಂದ ಅವುಗಳ ಗೊಡವೆಗೆ ಹೋಗುವುದಿಲ್ಲ.

ಕಾಯಿಲೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ನುಂಗಿದ ತುತ್ತನ್ನು ಅದು ಮೇಲಿನಿಂದ ಕೆಳಕ್ಕೆ ಅಲೆಯಂತೆ ಒತ್ತುತ್ತಾ ಎಂಟು ಹತ್ತು ಸೆಕೆಂಡುಗಳಲ್ಲಿ ಹೊಟ್ಟೆಗೆ ತಲುಪಿಸುತ್ತದೆ. ಸೆಳೆತ ಇರುವವರಲ್ಲಿ ಈ ಅಲೆಯ ಕ್ರಮ ತಪ್ಪಿ, ತುತ್ತು ಇನ್ನೂ ಮೇಲಿರುವಾಗಲೇ ಕೆಳಭಾಗ ಬಿಗಿದುಕೊಳ್ಳುತ್ತದೆ. ಮೂಗಿನಿಂದ ತೆಳುವಾದ ನಳಿಕೆ ಇಳಿಸಿ ಒತ್ತಡ ಅಳೆಯುವ ಮಾನೋಮೆಟ್ರಿ ಪರೀಕ್ಷೆಯಲ್ಲಿ, ಅನ್ನನಾಳದ ಮೇಲಿನ ಬಾಗಿಲು ತೆರೆದ ಕ್ಷಣದಿಂದ ಲೆಕ್ಕ ಹಾಕಿದಾಗ 4.5 ಸೆಕೆಂಡಿಗೂ ಮೊದಲೇ ಅಲೆ ಕೆಳಗೆ ಮುಟ್ಟಿದರೆ ಅದನ್ನು ಅಕಾಲಿಕ ಸಂಕೋಚನ ಎನ್ನುತ್ತಾರೆ. 10 ಗುಟುಕುಗಳಲ್ಲಿ ಕನಿಷ್ಠ ಎರಡು ಹೀಗಿದ್ದು, ಜೊತೆಗೆ ರೋಗಿಗೆ ನುಂಗುವ ತೊಂದರೆಯೋ ಎದೆನೋವೋ ಇದ್ದರೆ ಸೆಳೆತವೆಂಬ ತೀರ್ಮಾನಕ್ಕೆ ಬರುತ್ತಾರೆ. ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಕೆಲವರ ಅನ್ನನಾಳ ತಿರುಪಿನಂತೆ ಸುರುಳಿ ಸುರುಳಿಯಾಗಿ ಕಾಣುವುದೂ ಇದಕ್ಕೇ.

ಎದೆ ಹಿಡಿದುಕೊಂಡಾಗ ಮೊದಲು ಹೃದಯದ ಪರೀಕ್ಷೆ ಆಗಲೇಬೇಕು. ನಾಲಿಗೆಯ ಕೆಳಗೆ ಇಡುವ ನೈಟ್ರೇಟ್ ಮಾತ್ರೆಯಿಂದ ನೋವು ಇಳಿಯಿತು ಎಂಬುದರಿಂದ ಇದು ಹೃದಯದ್ದೋ ಅನ್ನನಾಳದ್ದೋ ಎಂದು ತಿಳಿಯಲಾಗದು, ಏಕೆಂದರೆ ಆ ಮಾತ್ರೆ ಎರಡೂ ಕಡೆಯ ಸ್ನಾಯುವನ್ನು ಸಡಿಲಿಸುತ್ತದೆ. ನನಗೆ ಇಸಿಜಿ, ಎಂಡೋಸ್ಕೋಪಿ, ಬೇರಿಯಂ, ಮಾನೋಮೆಟ್ರಿ ಎಲ್ಲವೂ ಆದ ಮೇಲೆಯೇ ಕಾಯಿಲೆಯ ಹೆಸರು ತಿಳಿದದ್ದು. ಮಾತ್ರೆಗಳ ಮಾತು ವೈದ್ಯರಿಗೆ ಬಿಟ್ಟದ್ದು. ಇಲ್ಲಿ ಹೇಳುತ್ತಿರುವುದು ತಟ್ಟೆಯ ಮಾತು ಮಾತ್ರ.

ಇನ್ನೊಂದು ಭೇದವನ್ನೂ ಗಮನಿಸಬೇಕು. ನೀರು ಕುಡಿದರೆ ಕೆಮ್ಮು ಬರುವ, ತುತ್ತು ಗಂಟಲಲ್ಲೇ ತೊಡರುವ, ಪಾರ್ಶ್ವವಾಯುವಿನ ನಂತರ ಕಾಣಿಸುವಂಥ ತೊಂದರೆ ಬೇರೆ ಬಗೆಯದು. ದ್ರವವನ್ನು ಗಟ್ಟಿ ಮಾಡುವ ಪುಡಿಗಳು ಬಳಕೆಯಾಗುವುದು ಅಂಥವರಿಗೆ, ಅದೂ ನುಂಗುವಿಕೆಯ ತಜ್ಞರು ಪರೀಕ್ಷಿಸಿ ಹೇಳಿದ ಮೇಲೆ. ನಮ್ಮ ರಾಜ್ಯದವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಬಹುದು. ನನ್ನ ತುತ್ತು ಗಂಟಲನ್ನು ಸಲೀಸಾಗಿ ದಾಟಿ ಎದೆಯ ನಡುವೆ ಬಂದು ನಿಲ್ಲುತ್ತದೆ. ಮಂಡ್ಯದ ಕಡೆಯ ಸಹೋದ್ಯೋಗಿಯೊಬ್ಬರು, ಅಗಿಯುವ ರಗಳೆಯೇ ಇಲ್ಲ, ರಾಗಿ ಮುದ್ದೆ ನುಂಗಿಬಿಡಿ ಎಂದು ಪ್ರೀತಿಯಿಂದ ಸಲಹೆ ಕೊಟ್ಟರು. ಅಗಿಯದೆ ಇಳಿದ ತುತ್ತೇ ನನ್ನ ಪಾಲಿಗೆ ಕಂಟಕವೆಂದು ಅವರಿಗೆ ವಿವರಿಸುವಷ್ಟರಲ್ಲಿ ಮಧ್ಯಾಹ್ನದ ಬಿಡುವು ಮುಗಿದಿತ್ತು.

ಈಗ ಮಿಕ್ಸಿಯ ವಿಚಾರ. ಹಸಿ ಮೆಣಸಿನಕಾಯಿಯಿಂದ ಒಣ ಕೊಬ್ಬರಿಯವರೆಗೆ ಎಲ್ಲವನ್ನೂ ನುಣ್ಣಗೆ ಮಾಡುವ ಯಂತ್ರ ಬೆಂದ ಅನ್ನವನ್ನು ಮೆತ್ತಗೆ ಮಾಡಲಾರದೆಂದು ಯಾರಿಗೆ ತಾನೆ ಅನಿಸೀತು? ಆದರೆ ಅನ್ನವನ್ನು ಜಾರಿಗೆ ಹಾಕಿ ತಿರುಗಿಸಿ ನೋಡಿ. ಮೊದಲು ತರಿತರಿಯಾಗುತ್ತದೆ, ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಹೊಳಪು ಬರುತ್ತದೆ, ಆಮೇಲೆ ಬ್ಲೇಡಿನ ಸುತ್ತ ಎಳೆ ಎಳೆಯಾಗಿ ಎದ್ದು ಜಾರಿನ ಗೋಡೆಗೆ ಅಂಟಿಕೊಂಡು, ಚಮಚಕ್ಕೂ ಬಾರದ ಮೈದಾ ಗೋಂದಾಗುತ್ತದೆ. ಬೆಂದು ಉಬ್ಬಿದ ಅಕ್ಕಿಯ ಪಿಷ್ಟದ ಕಣಗಳನ್ನು ವೇಗದ ಬ್ಲೇಡು ಸೀಳಿಹಾಕುತ್ತದೆ, ಒಳಗಿನ ಪಿಷ್ಟ ಹೊರಗೆ ಬಂದು ನೀರಿನೊಡನೆ ಸೇರಿ ಅಂಟಾಗುತ್ತದೆ. ಆಲೂಗಡ್ಡೆಗೂ ಇದೇ ಗತಿ. ನುಂಗಲು ಕಷ್ಟವಿರುವವರಿಗೆ ಗಟ್ಟಿ ಪದಾರ್ಥ ಎಷ್ಟು ಕೆಟ್ಟದ್ದೋ ಅಂಟು ಪದಾರ್ಥವೂ ಅಷ್ಟೇ ಕೆಟ್ಟದ್ದು. ಅದು ಅನ್ನನಾಳದ ಗೋಡೆಯನ್ನು ಬಿಡದೆ ಹಿಡಿದು ಕೂರುತ್ತದೆ, ಮೇಲೆ ನೀರು ಕುಡಿದರೆ ನೀರು ಪಕ್ಕದಿಂದ ಜಾರಿ ಹೋಗುತ್ತದೆಯೇ ಹೊರತು ಮುದ್ದೆ ಕದಲುವುದಿಲ್ಲ.

ನುಂಗುವ ತೊಂದರೆ ಇರುವವರ ಆಹಾರವನ್ನು 0ಯಿಂದ 7ರವರೆಗೆ ಹಂತಗಳಾಗಿ ವಿಂಗಡಿಸುವ, ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಪದ್ಧತಿಯೊಂದಿದೆ. ನುಣ್ಣಗಿನ ಊಟ ಅದರಲ್ಲಿ 4ನೆಯ ಹಂತ. ಅದನ್ನು ಮನೆಯಲ್ಲೇ ಪರೀಕ್ಷಿಸಲು ಚಮಚ ಸಾಕು: ಒಂದು ಚಮಚ ತುಂಬ ತೆಗೆದುಕೊಂಡು ವಾಲಿಸಿದಾಗ, ಅಥವಾ ಮೆಲ್ಲಗೆ ಕೊಡವಿದಾಗ, ಆಕಾರ ಕೆಡದೆ ಇಡಿಯಾಗಿ ಜಾರಿ ಬೀಳಬೇಕು, ಚಮಚದಲ್ಲಿ ತೆಳುವಾದ ಪದರವಷ್ಟೇ ಉಳಿಯಬೇಕು. ನನ್ನ ಮಿಕ್ಸಿಯ ಅನ್ನ ಚಮಚವನ್ನು ಬೋರಲು ಹಾಕಿದರೂ ಬೀಳಲಿಲ್ಲ. ನೀರು ಬೆರೆಸಿದರೆ ಬೀಳುತ್ತದೆ, ನಿಜ. ಆದರೆ ಗೋಂದನ್ನು ಸಡಿಲಿಸುವಷ್ಟು ನೀರು ಬೆರೆಸಿದರೆ ಅದು ಗಂಜಿಯೇ ಆಗುತ್ತದೆ, ಗಂಜಿ ಕುಡಿಯುವುದಾದರೆ ಮಿಕ್ಸಿಯ ಅಗತ್ಯವೇನು?

ಇದಕ್ಕಿಂತ ಕಿರಿಕಿರಿಯ ಸಂಗತಿ ಬಿಸಿಯದು. ಕುದಿಬಿಸಿಯ ಬೇಳೆಯನ್ನು ಜಾರಿಗೆ ಸುರಿದು ಮುಚ್ಚಳ ಬಿಗಿದು ಗುಂಡಿ ತಿರುಗಿಸಿದರೆ, ಒಳಗೆ ಒಮ್ಮೆಲೇ ಎದ್ದ ಹಬೆ ಮುಚ್ಚಳವನ್ನು ಎತ್ತಿ ಬಿಸಾಡುತ್ತದೆ. ನಮ್ಮ ಮನೆಯ ಕಿಟಕಿಯ ಮೇಲಿನ ಸಜ್ಜಾದಲ್ಲಿ ಹೆಸರುಬೇಳೆಯ ಹಳದಿ ಕಲೆ ಈಗಲೂ ಇದೆ. ಆದ್ದರಿಂದ ಆರಿಸಲೇಬೇಕು. ಆರಿದ ಅನ್ನವಾದರೋ ಬಿರುಸಾಗುತ್ತದೆ. ರುಬ್ಬಿ, ಮತ್ತೆ ಒಲೆಯ ಮೇಲಿಟ್ಟು ಬಿಸಿ ಮಾಡಿದರೆ ತಳ ಹಿಡಿಯುತ್ತದೆ, ಮೇಲೆ ಕೆನೆಗಟ್ಟುತ್ತದೆ, ಇನ್ನಷ್ಟು ಗಟ್ಟಿಯಾಗುತ್ತದೆ, ಮತ್ತೆ ನೀರು ಬೆರೆಸಬೇಕಾಗುತ್ತದೆ. ಆರಿದ್ದನ್ನೇ ತಿಂದರಾಗದೆ ಎಂದು ಮನೆಯವರು ಕೇಳುತ್ತಾರೆ. ಸೆಳೆತ ಇರುವವರಿಗೆ ತಣ್ಣಗಿನದು ಹಲವು ಬಾರಿ ಸೆಳೆತಕ್ಕೆ ಕಿಡಿ ಹಚ್ಚುತ್ತದೆ. ತಣ್ಣೀರು ಅನ್ನನಾಳದ ಸಂಕೋಚನವನ್ನು ದೀರ್ಘಗೊಳಿಸುವುದನ್ನೂ ಬಿಸಿನೀರು ಅದನ್ನು ಸಡಿಲಿಸುವುದನ್ನೂ ಮಾನೋಮೆಟ್ರಿಯಲ್ಲಿ ಅಳೆದು ನೋಡಿದ್ದಾರೆ. ಹಾಗೆಂದು ಕುದಿಕುದಿ ನುಂಗುವಂತಿಲ್ಲ. 65 ಡಿಗ್ರಿ ಮೀರಿದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಹೇಳಿದೆ. ನನಗೆ ಬೇಕಾದದ್ದು ಉಗುರುಬೆಚ್ಚಗಿಗಿಂತ ತುಸು ಮೇಲಿನ ಬಿಸಿ. ಬಡಿಸಿದ ಹೊತ್ತಿನಿಂದ ಊಟ ಮುಗಿಯುವವರೆಗೂ ಅದು ಉಳಿಯಬೇಕು, ನನ್ನ ಊಟವೋ ನಿಧಾನದ್ದು. ಆರಿಸಿ ರುಬ್ಬಿ ಮತ್ತೆ ಕಾಯಿಸುವ ಮಿಕ್ಸಿಯ ದಾರಿಯಲ್ಲಿ ಆ ಬಿಸಿ ನನಗೆ ದಕ್ಕಲೇ ಇಲ್ಲ.

ಹ್ಯಾಂಡ್ ಬ್ಲೆಂಡರ್ ಬಿಸಿಯ ತಾಪತ್ರಯವನ್ನು ಒಂದೇ ಏಟಿಗೆ ಪರಿಹರಿಸಿತು. ಒಲೆಯಿಂದ ಇಳಿಸಿದ ಪಾತ್ರೆಗೇ ಅದನ್ನು ಇಳಿಬಿಟ್ಟು ಗುಂಡಿ ಒತ್ತಿದರೆ ಕುಂಬಳಕಾಯಿಯ ಸಾರು, ಕ್ಯಾರೆಟ್, ಬೇಳೆ ಎಲ್ಲವೂ ಬಿಸಿಯಾಗಿಯೇ ನುಣ್ಣಗಾಗುತ್ತವೆ. ತೊಳೆಯುವುದೂ ಸುಲಭ. ಆದರೆ ಇದು ಸಂಸಾರದ ಪಾತ್ರೆಗೆ ತಕ್ಕ ಸಾಧನ. ಬ್ಲೇಡಿನ ಕವಚ ಪೂರ್ತಿ ಮುಳುಗದಿದ್ದರೆ ಸಿಡಿಯುತ್ತದೆ, ಒಬ್ಬಳ ಊಟದಲ್ಲಿ ಅದು ಮುಳುಗುವುದಿಲ್ಲ. ಎತ್ತರದ ಕಿರಿದಾದ ಲೋಟದಲ್ಲಿ ಮಾಡಿದರೆ ಮುಳುಗುತ್ತದೆ, ಆದರೆ ಅನ್ನ ಅಲ್ಲೂ ಅಂಟಾಗುತ್ತದೆ, ಮಿಕ್ಸಿಗಿಂತ ಸ್ವಲ್ಪ ಕಡಿಮೆ ಎನ್ನಬಹುದು. ಮೋಟಾರು ಬೇಗ ಬಿಸಿಯೇರುವುದರಿಂದ ನಡುನಡುವೆ ನಿಲ್ಲಿಸಬೇಕು. ಸೊಪ್ಪಿನ ದಂಟು, ಅವರೆಕಾಯಿಯ ನಾರು ಬ್ಲೇಡಿಗೆ ಸುತ್ತಿಕೊಳ್ಳುತ್ತವೆ. ಟೊಮೆಟೊ ಸಿಪ್ಪೆಯನ್ನು ಅದು ಕತ್ತರಿಸುತ್ತದೆ ಅಷ್ಟೆ, ತೆಗೆಯುವುದಿಲ್ಲ. ಕಾಗದದಂಥ ಆ ಸಿಪ್ಪೆಯ ಚೂರೊಂದು ಅನ್ನನಾಳದ ಗೋಡೆಗೆ ಅಂಟಿಕೊಂಡರೆ ಮಧ್ಯಾಹ್ನವೆಲ್ಲ ಅದರದ್ದೇ ಧ್ಯಾನ. ಜರಡಿ ಹಿಡಿಯಬಹುದು, ಆದರೆ ಆಗ ತೊಳೆಯುವ ಸುಲಭವೂ ಹೋಯಿತು.

ಹೂರಣದ ಯಂತ್ರ ಉತ್ತರ ಕರ್ನಾಟಕದ ಮನೆಗಳಿಗೆ ಹೊಸದಲ್ಲ. ಮೂರು ಕಾಲುಗಳ ಮೇಲೆ ನಿಲ್ಲುವ ಸ್ಟೀಲಿನ ಬಟ್ಟಲು, ತಳದಲ್ಲಿ ತೂತುಗಳ ಬಿಲ್ಲೆ, ಮೇಲೆ ಓರೆಯಾಗಿ ಬಾಗಿದ ಒಂದು ತಗಡು, ಅದಕ್ಕೊಂದು ಹಿಡಿಕೆ. ಹಿಡಿಕೆ ತಿರುಗಿಸಿದರೆ ತಗಡು ಬೆಂದ ಬೇಳೆಯನ್ನು ತೂತುಗಳ ಮೂಲಕ ಒತ್ತಿ ಕೆಳಗಿಳಿಸುತ್ತದೆ. ಇಲ್ಲಿ ಕತ್ತರಿಸುವ ಬ್ಲೇಡಿಲ್ಲ, ವೇಗವೂ ಇಲ್ಲ, ಆದ್ದರಿಂದ ಪಿಷ್ಟ ಅಷ್ಟಾಗಿ ಒಡೆಯುವುದಿಲ್ಲ. ಕೆಳಗಿನ ತಟ್ಟೆಗೆ ಬೀಳುವ ಅನ್ನ ಶಾವಿಗೆಯ ಚೂರುಗಳ ಹಾಗೆ ಹಗುರವಾಗಿ ಬೀಳುತ್ತದೆ. ಬಿಸಿ ತಿಳಿಸಾರು ಹಾಕಿ ಚಮಚದಲ್ಲಿ ಎರಡು ಸುತ್ತು ಕಲಸಿದರೆ ಒಂದಾಗುತ್ತದೆ, ಚಮಚ ವಾಲಿಸಿದರೆ ಜಾರುತ್ತದೆ. ಸಿಪ್ಪೆ, ನಾರು, ಬೀಜ ಎಲ್ಲವೂ ಮೇಲೆಯೇ ಉಳಿಯುತ್ತವೆ. ಬದನೆಕಾಯಿಯನ್ನು ಸುಟ್ಟು, ಸಿಪ್ಪೆ ಸುಲಿದು ಇದಕ್ಕೆ ಹಾಕಿದರೆ ಬೀಜದ ಸಮೇತ ಕಸವೆಲ್ಲ ಮೇಲೆ ನಿಂತು ತಿರುಳು ಮಾತ್ರ ಇಳಿಯುವುದನ್ನು ನೋಡುವುದೇ ಒಂದು ಸಮಾಧಾನ. ಇದಕ್ಕೆ ಮುಚ್ಚಳವೇ ಇಲ್ಲದ್ದರಿಂದ ಹಬೆಯ ಭಯವಿಲ್ಲ, ಕುಕ್ಕರಿನಿಂದ ತೆಗೆದದ್ದನ್ನು ನೇರವಾಗಿ ಹಾಕಬಹುದು.

ನಮ್ಮ ಅತ್ತೆಗೆ ಮಾತ್ರ ಇದು ಸರಿಬರಲಿಲ್ಲ. ಅಟ್ಟದಲ್ಲಿದ್ದ ದೊಡ್ಡ ಹಳೆಯ ಯಂತ್ರವನ್ನು ಇಳಿಸಿದ ದಿನ, “ಯುಗಾದಿಗೆ, ಹೋಳಿ ಹುಣ್ಣಿವಿಗೆ ತೆಗಿಯೂ ಸಾಮಾನವ್ವಾ ಅದು, ದಿನಾ ಯಾಕ?” ಎಂದರು. “ನನಗ ಇನ್ನ ಮ್ಯಾಲ ದಿನಾನೂ ಬೇಕ್ರಿ ಅತ್ತಿ” ಎಂದೆ. ಆ ಯಂತ್ರ ಇಡೀ ಓಣಿಗೆ ಹೋಳಿಗೆ ಮಾಡುವ ಅಳತೆಯದಾಗಿದ್ದು, ಒಬ್ಬಳ ಅನ್ನ ಅದರ ತಳದಲ್ಲೇ ಕಳೆದುಹೋಗುತ್ತಿತ್ತು. ಸಣ್ಣದನ್ನು ಕೊಂಡದ್ದು ಆಮೇಲೆ.

ಕುಂದುಗಳೂ ಉಂಟು. ರಟ್ಟೆ ನೋಯುತ್ತದೆ, ಕೀಲುನೋವಿನವರು ಇದನ್ನು ಕೊಳ್ಳುವ ಮೊದಲು ಅಂಗಡಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ನೋಡಬೇಕು. ಜೋಳದ ರೊಟ್ಟಿ, ಮಾಂಸ, ಕಡಲೆಕಾಯಿ ಇದರ ಕೈಗೆ ಬಗ್ಗುವುದಿಲ್ಲ. ರೊಟ್ಟಿಯ ಆಸೆಗೆ ನಾನು ಕಂಡುಕೊಂಡ ದಾರಿ ಜೋಳದ ನುಚ್ಚು: ಚೆನ್ನಾಗಿ ಬೇಯಿಸಿ, ಯಂತ್ರದಲ್ಲಿ ಇಳಿಸಿ, ತಣ್ಣಗಿರದ ಮಜ್ಜಿಗೆ ಬೆರೆಸಿ ಉಣ್ಣುವುದು. ಬೇಳೆಯನ್ನು ಇನ್ನೊಂದು ಸೀಟಿ ಹೆಚ್ಚಿಗೆ ಕೂಗಿಸದಿದ್ದರೆ ಯಂತ್ರ ಮುಷ್ಕರ ಹೂಡುತ್ತದೆ. ಬಿಲ್ಲೆಯ ಅಡಿಭಾಗವನ್ನು ಊಟಕ್ಕೆ ಕೂರುವ ಮೊದಲೇ ನೀರಿನಲ್ಲಿ ನೆನೆಹಾಕಬೇಕು, ಒಣಗಿದ ಮೇಲೆ ತೂತು ತೂತಿಗೂ ಕಡ್ಡಿ ಹಾಕುವ ಶಿಕ್ಷೆ ತಪ್ಪದು.

ಸದ್ದಿನಲ್ಲಿ ಮಿಕ್ಸಿಗೆ ಕೊನೆಯ ಸ್ಥಾನ. ಕರೆಂಟು ಹೋದ ದಿನ ಯಂತ್ರಕ್ಕೆ ಎದುರಾಳಿಯೇ ಇಲ್ಲ. ಹಣ್ಣಿನ ರಸ, ಲಸ್ಸಿಗೆ ಮಿಕ್ಸಿಯೇ ಸರಿ, ಆದರೆ ತಿರುಗಿದಷ್ಟೂ ಗಾಳಿ ಸೇರಿ ನೊರೆಯೇಳುತ್ತದೆ, ತೇಗು ಒತ್ತಿ ಬರುವವರು ನೊರೆ ಇಳಿಯುವವರೆಗೆ ಕಾಯುವುದು ಲೇಸು.

ನನ್ನ ತೀರ್ಮಾನಕ್ಕೆ ನನ್ನ ದಿನಚರಿಯೇ ಆಧಾರ. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಬೆಳಿಗ್ಗೆ ಮನೆಯವರಿಗೆಲ್ಲ ಮಾಡಿದ ಅಡುಗೆಯಲ್ಲೇ ನನ್ನ ಪಾಲನ್ನು ತೆಗೆದು, ಯಂತ್ರದಲ್ಲಿ ಇಳಿಸಿ, ಬಾಯಿ ಅಗಲವಾದ ಫ್ಲಾಸ್ಕಿಗೆ ಬಿಸಿಬಿಸಿಯಾಗಿ ತುಂಬಿಕೊಂಡು ಹೋಗುತ್ತೇನೆ. ಬೇರೆ ಅಡುಗೆ ಇಲ್ಲ, ಬೇರೆ ಪಾತ್ರೆ ಇಲ್ಲ. ದ್ರವರೂಪದ ಊಟವನ್ನೇ ಹೆಚ್ಚಾಗಿ ಸೇವಿಸಬೇಕಾದವರಿಗೆ, ಅಥವಾ ಮನೆಯಲ್ಲಿ ಇಬ್ಬರು ಮೂವರಿಗೆ ಮೆತ್ತಗಿನ ಊಟ ಬೇಕಿದ್ದಲ್ಲಿ, ಹ್ಯಾಂಡ್ ಬ್ಲೆಂಡರೇ ಹೆಚ್ಚು ಉಪಯೋಗಕ್ಕೆ ಬಂದೀತು. ಬೆಂದ ಅನ್ನಕ್ಕಾಗಿ ಹೊಸ ಮಿಕ್ಸಿಯನ್ನಾಗಲಿ, ಹೆಚ್ಚು ವಾಟಿನದನ್ನಾಗಲಿ ಯಾರೂ ಕೊಳ್ಳಬೇಕಿಲ್ಲ.

ಯಂತ್ರ ಕೊಳ್ಳುವವರು ಅಲ್ಯೂಮಿನಿಯಂ ಬಿಟ್ಟು ಸ್ಟೀಲಿನದನ್ನೇ ಕೇಳಿರಿ, ಹುಣಸೆಹಣ್ಣು, ಟೊಮೆಟೊಗಳ ಹುಳಿಗೆ ಅಲ್ಯೂಮಿನಿಯಂ ಸಲ್ಲದು. ಬಿಲ್ಲೆ ಬದಲಿಸಲು ಬರುವಂಥದ್ದಿರಲಿ. ಸಣ್ಣ ತೂತಿನದು ಸೆಳೆತ ಜೋರಾಗಿರುವ ದಿನಗಳಿಗೆ, ನಡುವಿನದು ಉಳಿದ ದಿನಗಳಿಗೆ. ದೊಡ್ಡ ತೂತಿನದನ್ನು ನಾನು ಇನ್ನೂ ಬಳಸಿಲ್ಲ. ಹಿಡಿಕೆಯ ಕೆಳಗಿನ ಸ್ಪ್ರಿಂಗು ಬಿಗಿಯಾಗಿದೆಯೇ ಎಂದು ಅಂಗಡಿಯಲ್ಲೇ ಒತ್ತಿ ನೋಡಿರಿ, ಅದು ಸಡಿಲವಿದ್ದರೆ ತಗಡು ಬಿಲ್ಲೆಯನ್ನು ಮುಟ್ಟದೆ ಬರಿದೇ ಸುತ್ತುತ್ತದೆ.